ಅಕ್ಟೋಬರ್ 24ರ ಹೆತಾಲಿಯಾ ಭೇಟಿ: ಈ ಸಲ ಬರೀ ಫೋಟೊ ಸಾಕಾ, ಕಥೆಯ ಹಿಂದಿನ ಕಥೆಯನ್ನೂ ಹೇಳೋಣವಾ?

ಟೊಮೇಟೊ ಪೆಟ್ಟಿಗೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಈ ಸಲ ಅಕ್ಟೋಬರ್ 24 ಶನಿವಾರ ಬಿದ್ದಿದೆ. ರಜೆ ಹಾಕುವ ಕಷ್ಟ ಇಲ್ಲ. ಹಾಗಾಗಿ ಈಗಲೇ ಮಾತು ಶುರು ಮಾಡುತ್ತಿದ್ದೇನೆ.

ಹೋದ ವರ್ಷ ಕಬ್ಬನ್ ಪಾರ್ಕಿನಲ್ಲಿ ಒಂಬತ್ತು ಜನ ಸೇರಿದ್ದೆವು. ನಾನು ಇಟಲಿಯ ನೀಲಿ ಸಮವಸ್ತ್ರ ಹಾಕಿದ್ದೆ. ಚಿಕ್ಕಪೇಟೆಯಿಂದ ಬಟ್ಟೆ ತಂದು, ನಮ್ಮ ಬೀದಿಯ ಟೈಲರ್ ಹತ್ತಿರ ಮೂರು ಸಲ ಅಳತೆ ಸರಿಮಾಡಿಸಿ ಹೊಲಿಸಿದ್ದು. ಬಿದಿರ ಮೆಳೆಯ ಹತ್ತಿರ ಫೋಟೊ ತೆಗೆದುಕೊಂಡೆವು. ಡಬ್ಬಿಯಲ್ಲಿ ತಂದಿದ್ದ ಪಾಸ್ತಾ ಹಂಚಿಕೊಂಡು ತಿಂದೆವು. ತುಂಬಾ ಖುಷಿಯಾಗಿತ್ತು. ಆಗ ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಏನಮ್ಮಾ, ನಾಟಕವಾ?" ಅಂತ ಕೇಳಿದರು. "ಇಲ್ಲ ಅಂಕಲ್, ಜಪಾನಿನ ಕಾಮಿಕ್. ಅದರಲ್ಲಿ ದೇಶಗಳೇ ಮನುಷ್ಯರು. ನಾನು ಇಟಲಿ, ಇವಳು ಜರ್ಮನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಯುದ್ಧದಲ್ಲಿ ಸತ್ತವರು ಯಾರಮ್ಮಾ ಅದರಲ್ಲಿ?" ಅಂದರು. ಕೆಣಕೋಕೆ ಕೇಳಿದ್ದಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ವರ್ಷ ಪೂರ್ತಿ ತಲೆಯಲ್ಲೇ ಇದೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಹೆತಾಲಿಯಾ ಬರೆದವರು ಹಿದೆಕಾಜ್ ಹಿಮಾರುಯಾ. ಅಮೆರಿಕದಲ್ಲಿ ಕಲೆ ಓದುತ್ತಿದ್ದ ಹುಡುಗ, ತನ್ನ ಜಾಲತಾಣದಲ್ಲಿ ಚಿಕ್ಕ ಚಿಕ್ಕ ಸ್ಟ್ರಿಪ್, ಅಂದರೆ ಕೆಲವೇ ಚೌಕಗಳ ಚಿತ್ರಕಥೆ, ಹಾಕುತ್ತಾ ಶುರು ಮಾಡಿದ್ದು. ಜಪಾನೀ ಭಾಷೆಯಲ್ಲಿ 'ಹೆತಾರೆ' ಅಂದರೆ ಕೈಲಾಗದವನು, ಪುಕ್ಕಲ. ಅದಕ್ಕೆ ಇಟಲಿ ಸೇರಿ ಹೆತಾಲಿಯಾ ಆಯಿತು. 2008ರಲ್ಲಿ ಗೆಂತೋಶಾ ಪ್ರಕಾಶನ ಪುಸ್ತಕವಾಗಿ ತಂದಿತು. 2009ರಲ್ಲಿ ಸ್ಟುಡಿಯೊ ದೀನ್ ಅನಿಮೆ (ಜಪಾನೀ ಕಾರ್ಟೂನ್ ಸರಣಿ) ಮಾಡಿತು, ಒಂದೊಂದು ಕಂತು ಐದೇ ನಿಮಿಷ. ಆಮೇಲೆ ಸಿನಿಮಾ ಬಂತು, ರಂಗದ ಮೇಲೆ ಸಂಗೀತ ನಾಟಕವೂ ಬಂತು. 2021ರಲ್ಲಿ ಮತ್ತೆ ಅನಿಮೆ ಬಂದಾಗ ನಮ್ಮಂಥ ಹಳಬರೆಲ್ಲ ಅತ್ತುಬಿಟ್ಟೆವು.

ಅಕ್ಟೋಬರ್ 24 ಯಾಕೆ ಅಂದರೆ ಅದು ವಿಶ್ವಸಂಸ್ಥೆಯ ದಿನ. 1945ರಲ್ಲಿ ಅವತ್ತು ಅದರ ಸನ್ನದು ಜಾರಿಗೆ ಬಂತು. ದೇಶಗಳೆಲ್ಲ ಒಂದು ಮೇಜಿನ ಸುತ್ತ ಕೂತು ಜಗಳವಾಡುವ ಕಾಮಿಕ್ಕಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ ಅಂತ ಓದುಗರೇ ಆರಿಸಿಕೊಂಡಿದ್ದು. ಹಲವು ದೇಶಗಳ ಊರುಗಳಲ್ಲಿ ಅವತ್ತು ಪಾರ್ಕುಗಳಲ್ಲಿ ಹೀಗೆ ಸೇರುತ್ತಾರೆ.

ನನ್ನ ಪ್ರಸ್ತಾಪ ಇಷ್ಟೇ. ಈ ಸಲ ಒಬ್ಬೊಬ್ಬರು ಒಂದೊಂದು ಸ್ಟ್ರಿಪ್ ಆರಿಸಿಕೊಳ್ಳಿ. ಅದರ ಹಿಂದಿನ ನಿಜವಾದ ಇತಿಹಾಸ ಓದಿಕೊಂಡು ಬನ್ನಿ. ಹತ್ತು ನಿಮಿಷ ಕನ್ನಡದಲ್ಲಿ ಹೇಳಿ. ದೂರದವರು ವಿಡಿಯೊ ಕರೆಯಲ್ಲಿ ಸೇರಬಹುದು. ಏನಂತೀರಿ?

---

ಮೂಲೆಯ ಕರಡಿ (ಮೈಸೂರು)

ನಾನು ಬರುತ್ತೇನೆ ಅಕ್ಕಾ. ಕೆನಡಾ ನನ್ನದು, ದಯವಿಟ್ಟು ಬೇರೆ ಯಾರೂ ತೆಗೆದುಕೊಳ್ಳಬೇಡಿ. ಬಿಳಿ ಕರಡಿ ಬೊಂಬೆಯೂ ಸಿದ್ಧವಾಗಿದೆ.

---

ಕೋಗಿಲೆ ಗಡಿಯಾರ (ಹಾಸನ)

ಒಳ್ಳೆಯ ಯೋಚನೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ನನ್ನ ಹೆಸರೇ ಹೇಳುವಂತೆ ನನಗಿಷ್ಟದ ಸ್ಟ್ರಿಪ್ ಕೋಗಿಲೆ ಗಡಿಯಾರದ್ದು. ಮೊದಲ ಮಹಾಯುದ್ಧ ಸೋತ ಜರ್ಮನಿ ಫ್ರಾನ್ಸಿನ ಸಾಲ ತೀರಿಸಲು ಕೂತು ಗಡಿಯಾರ ಮಾಡುತ್ತಿರುತ್ತಾನೆ. ಮಾಡಿ ಮಾಡಿ ಸುಸ್ತಾಗಿರುತ್ತಾನೆ. ಮೊದಲ ಸಲ ನಕ್ಕಿದ್ದೆ. ಎರಡನೇ ಸಲ ಪಾಠಪುಸ್ತಕ ತೆಗೆದೆ.

ವರ್ಸೇಲ್ಸ್ ಒಪ್ಪಂದ 1919ರದ್ದು. ಜರ್ಮನಿ ಕೊಡಬೇಕಾದ ಮೊತ್ತವನ್ನು 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಅಂತ ನಿಗದಿ ಮಾಡಿದರು. ಕಂತು ತಪ್ಪಿದಾಗ 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆ ರೂರ್ ಪ್ರದೇಶಕ್ಕೆ ನುಗ್ಗಿತು. ಅದೇ ವರ್ಷ ಜರ್ಮನಿಯ ನೋಟಿಗೆ ಬೆಲೆಯೇ ಇಲ್ಲದಂತಾಯಿತು. ಆ ಯುದ್ಧಪರಿಹಾರದ ಬಾಂಡುಗಳ ಕೊನೆಯ ಕಂತು ತೀರಿದ್ದು ಯಾವಾಗ ಗೊತ್ತಾ? 2010ರ ಅಕ್ಟೋಬರ್ 3. ಹೆತಾಲಿಯಾ ಅನಿಮೆ ಆಗಲೇ ಬಂದಿತ್ತು. ಅಂದರೆ ಆ ಗಡಿಯಾರ ಮಾಡುವ ಹುಡುಗನನ್ನು ನೋಡಿ ನಾವು ನಗುತ್ತಿದ್ದಾಗ ಸಾಲ ಇನ್ನೂ ಪೂರ್ತಿ ತೀರಿರಲಿಲ್ಲ. ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿದರು.

ಆದರೆ ಒಂದು ಮಾತು ಹೇಳಲೇಬೇಕು. ಆ ಹಿರಿಯರ ಪ್ರಶ್ನೆ ಸರಿಯಾಗಿಯೇ ಇದೆ. ಈ ಕಾಮಿಕ್ ಎರಡನೇ ಮಹಾಯುದ್ಧದ ಬಗ್ಗೆ ಮಾತಾಡುತ್ತದೆ. ಅದರಲ್ಲಿ ಯಹೂದಿಗಳ ನರಮೇಧ ಇಲ್ಲ. 1937ರಲ್ಲಿ ಜಪಾನ್ ಸೇನೆ ಚೀನಾದ ನಾನ್‌ಜಿಂಗ್‌ನಲ್ಲಿ ಮಾಡಿದ ಕಗ್ಗೊಲೆ ಇಲ್ಲ. ಜರ್ಮನಿ ಶಿಸ್ತಿನ ಹುಡುಗ, ಜಪಾನ್ ನಾಚಿಕೆಯ ಹುಡುಗ, ಇಟಲಿ ಪಾಸ್ತಾ ಪ್ರಿಯ. ಇದನ್ನೇ ಇತಿಹಾಸ ಅಂದುಕೊಂಡ ಮಗುವಿಗೆ ನಾವು ಮೋಸ ಮಾಡಿದ ಹಾಗೆ. ಈ ಮಾತು ಹೇಳದೆ ಭೇಟಿ ನಡೆಸಬಾರದು ಅಂತ ನನ್ನ ಅಭಿಪ್ರಾಯ.

---

ರೈನ್ ದಂಡೆ (ಡಸೆಲ್ಡಾರ್ಫ್)

ಮೇಷ್ಟ್ರೇ, ನಿಮ್ಮ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಾನು ದಾವಣಗೆರೆಯವಳು. ಇಲ್ಲಿಗೆ ಬಂದು ಆರು ವರ್ಷ ಆಯಿತು. ಈ ಊರಿನಲ್ಲಿ ಜಪಾನಿನವರು ತುಂಬಾ ಜನ ಇದ್ದಾರೆ. ಪ್ರತಿ ವರ್ಷ 'ಜಪಾನ್ ಟಾಗ್' ಅಂತ ರೈನ್ ನದಿಯ ದಂಡೆಯಲ್ಲೇ ದೊಡ್ಡ ಹಬ್ಬ ಮಾಡುತ್ತಾರೆ. ಕಾಸ್‌ಪ್ಲೇ ಮಾಡಿದವರು, ಅಂದರೆ ಕಾಮಿಕ್ ಪಾತ್ರಗಳ ವೇಷ ಹಾಕಿದವರು, ದಂಡೆ ತುಂಬಾ ಇರುತ್ತಾರೆ, ರಾತ್ರಿ ಪಟಾಕಿ ಪ್ರದರ್ಶನ ಇರುತ್ತದೆ.

ಮೊದಲ ವರ್ಷ ನಾನು ಹೆತಾಲಿಯಾದ ಜರ್ಮನಿಯ ಹಸಿರು ಸಮವಸ್ತ್ರ ಹಾಕಿಕೊಂಡು ಹೋಗೋಣ ಅಂತ ಇದ್ದೆ. ನನ್ನ ಜೊತೆ ಕೆಲಸ ಮಾಡುವ ಜರ್ಮನ್ ಗೆಳತಿ, ಅವಳೂ ಹೆತಾಲಿಯಾ ಓದಿದವಳು, ಮೊದಲು ಬಟ್ಟೆಯ ಮೇಲಿನ ಒಂದೊಂದು ಗುರುತನ್ನೂ ಕೂತು ನೋಡಿದಳು. ಇಲ್ಲಿ ದಂಡಸಂಹಿತೆಯ 86ಎ ಕಲಮು ಅಂತ ಇದೆ. ಸ್ವಸ್ತಿಕ ಇರುವ ನಾಜಿ ಗುರುತು, ಆ ವಂದನೆ, ಇವನ್ನು ಸಾರ್ವಜನಿಕವಾಗಿ ತೋರಿಸಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಕಲೆಗೆ, ಪಾಠಕ್ಕೆ ವಿನಾಯಿತಿ ಇದೆ. ಆದರೆ ನದಿ ದಂಡೆಯ ಮೋಜಿಗೆ ಅಂತ ಹಾಕಿದ್ದನ್ನು ಯಾರೂ ಪಾಠ ಅನ್ನುವುದಿಲ್ಲ. ಹಿಮಾರುಯಾ ಜರ್ಮನಿಯ ಕುತ್ತಿಗೆಗೆ ಹಾಕಿರುವುದು ಕಬ್ಬಿಣದ ಶಿಲುಬೆ. ಅದು ಹಳೆಯ ಜರ್ಮನ್ ರಾಜ್ಯ ಪ್ರಷ್ಯಾದ ದೊರೆ 1813ರಲ್ಲಿ ಶುರು ಮಾಡಿದ ಪದಕ. ಅದಕ್ಕೆ ತಡೆ ಇಲ್ಲ. ಆದರೂ ಗೆಳತಿ ಹೇಳಿದ ಮಾತು ಮನಸ್ಸಿನಲ್ಲಿ ಕೂತಿದೆ. ಅವಳ ಅಜ್ಜನ ಪಕ್ಕದ ಮನೆಯವರನ್ನು ಒಂದು ರಾತ್ರಿ ಕರೆದುಕೊಂಡು ಹೋದರಂತೆ. ಆ ಮನೆಯ ಮುಂದಿನ ಕಾಲುದಾರಿಯಲ್ಲಿ ಈಗ ಒಂದು ಚಿಕ್ಕ ಹಿತ್ತಾಳೆಯ ಕಲ್ಲು ಇದೆ, ಅವರ ಹೆಸರು ಕೆತ್ತಿದ್ದು. "ಇದೇ ಬೀದಿಯಲ್ಲಿ ನೀನು ಈ ಬಟ್ಟೆ ಹಾಕಿಕೊಂಡು ನಡೆಯಬೇಕಲ್ಲ" ಅಂದಳು. ನಾನು ಆ ವರ್ಷ ಸೀರೆ ಉಟ್ಟು ಹೋದೆ. ಮುಂದಿನ ವರ್ಷ ಜರ್ಮನಿಯ ಮನೆ ಬಟ್ಟೆ ಹಾಕಿದೆ. ಕಪ್ಪು ಬನಿಯನ್, ಏಪ್ರನ್, ಕೈಯಲ್ಲಿ ಕೇಕ್. ಎಲ್ಲರಿಗೂ ಗುರುತು ಸಿಕ್ಕಿತು.

2010ರಲ್ಲಿ ಅಮೆರಿಕದಲ್ಲಿ ಆಗಿದ್ದು ಹಳಬರಿಗೆ ನೆನಪಿರಬೇಕು. ಒಂದು ಅನಿಮೆ ಸಮ್ಮೇಳನದ ಹೊತ್ತಿನಲ್ಲಿ ಹೆತಾಲಿಯಾ ಬಟ್ಟೆ ಹಾಕಿದ ಕೆಲವರು ನಾಜಿ ವಂದನೆ ಮಾಡುತ್ತಾ ಫೋಟೊ ತೆಗೆಸಿಕೊಂಡರು. ಯಹೂದಿಗಳ ಪಾಸೋವರ್ ಹಬ್ಬದ ದಿನಗಳಲ್ಲಿ. ಆ ಫೋಟೊ ಎಲ್ಲೆಡೆ ಹರಿದಾಡಿತು. ಸುಮ್ನೆ ಓದಿಕೊಂಡಿದ್ದ ಸಾವಿರಾರು ಓದುಗರು ತಲೆ ತಗ್ಗಿಸಬೇಕಾಯಿತು.

ಬೆಂಗಳೂರಿನ ಭೇಟಿಗೆ ಒಂದು ನಿಯಮ ಬರೆದು ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಎರಡನೇ ಮಹಾಯುದ್ಧದ ಸಮವಸ್ತ್ರ ಬೇಡ. ಆ ವಂದನೆ ಬೇಡವೇ ಬೇಡ. ನಮ್ಮ ಊರಿನಲ್ಲಿ ಅಂಥ ಕಾನೂನು ಇಲ್ಲದಿರಬಹುದು. ಆದರೆ ಫೋಟೊ ಬೆಂಗಳೂರಿನಲ್ಲೇ ಉಳಿಯುವುದಿಲ್ಲ.

---

ಟೊಮೇಟೊ ಪೆಟ್ಟಿಗೆ

ಒಪ್ಪಿದೆ. ನಿಯಮ ಹಾಕುತ್ತೇನೆ. ನನ್ನ ನೀಲಿ ಸಮವಸ್ತ್ರವೂ ಈ ಸಲ ಬೀರುವಿನಲ್ಲೇ ಇರುತ್ತದೆ. ಪುಟ್ಟ ಇಟಲಿಯ ಹಸಿರು ಲಂಗ, ಏಪ್ರನ್, ಕೈಯಲ್ಲಿ ಕಸಬರಿಕೆ. ಆಸ್ಟ್ರಿಯಾದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲದ್ದು.

---

ಕೌದಿ (ಧಾರವಾಡ)

ನಾನು ಬೇರೆ ವಿಷಯ ತರುತ್ತಿದ್ದೇನೆ, ಕ್ಷಮಿಸಿ. ಆದರೆ ಇದು ಭೇಟಿಗೂ ಬೇಕಾಗುತ್ತದೆ. ನನ್ನ ತಂಗಿಗೆ ಇಂಗ್ಲಿಷ್ ಓದಿ ಅಷ್ಟು ರೂಢಿ ಇಲ್ಲ. ಅವಳಿಗಾಗಿ ಕೆಲವು ಸ್ಟ್ರಿಪ್ಪುಗಳ ಮಾತನ್ನು ಕನ್ನಡಕ್ಕೆ ಬರೆದುಕೊಳ್ಳುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ.

ಇಂಗ್ಲಿಷಿನಲ್ಲಿ ಬ್ರದರ್ ಅಂದರೆ ಮುಗೀತು. ಕನ್ನಡದಲ್ಲಿ ಅಣ್ಣನೋ ತಮ್ಮನೋ ಹೇಳಲೇಬೇಕು. ಕೆಲವು ಸುಲಭ. ಪ್ರಷ್ಯಾ ಅಣ್ಣ, ಜರ್ಮನಿ ತಮ್ಮ. ಜರ್ಮನಿ ಎಷ್ಟೇ ಎತ್ತರ ಬೆಳೆದಿರಲಿ, ಒಂದು ದೇಶವಾಗಿ ಒಗ್ಗೂಡಿದ್ದು 1871ರಲ್ಲಿ. ಉತ್ತರ ಇಟಲಿ, ದಕ್ಷಿಣ ಇಟಲಿ ಇಬ್ಬರಲ್ಲಿ ದಕ್ಷಿಣದ ರೊಮಾನೊ ಅಣ್ಣ, ಲೇಖಕರೇ ಹಾಗೆ ಹೇಳಿದ್ದಾರೆ. ಚೀನಾ ಎಲ್ಲರಿಗೂ ದೊಡ್ಡಣ್ಣ.

ಬಿದಿರ ಮೆಳೆಯಲ್ಲಿ ಪುಟ್ಟ ಜಪಾನ್ ಸಿಕ್ಕಾಗ ಚೀನಾಗೆ ಅಣ್ಣ ಅನ್ನಿಸಿಕೊಳ್ಳುವ ಆಸೆ. ಆ ಮಗು ಅಣ್ಣ ಅನ್ನುವುದು ಬಿಟ್ಟು, ಸೂರ್ಯ ಹುಟ್ಟುವ ನಾಡಿನಿಂದ ಸೂರ್ಯ ಮುಳುಗುವ ನಾಡಿಗೆ ನಮಸ್ಕಾರ ಅನ್ನುತ್ತಾನೆ. ಅದು ಸುಮ್ನೆ ಹುಟ್ಟಿದ ಮಾತಲ್ಲ. 607ರಲ್ಲಿ ಜಪಾನಿನಿಂದ ಚೀನಾದ ಸುಯಿ ದೊರೆಗೆ ಹೋದ ಪತ್ರದಲ್ಲಿ ಹಾಗೇ ಇತ್ತು, ಅದನ್ನು ಓದಿ ದೊರೆಗೆ ಸಿಟ್ಟು ಬಂದಿತ್ತು. 'ನಾನೂ ನಿನ್ನ ಸಮ' ಅಂತ ಹೇಳುವ ಪತ್ರ ಅದು. ಅಣ್ಣ ಅನ್ನದೆ ಇರುವುದರಲ್ಲೇ ಇಡೀ ರಾಜಕೀಯ ಇದೆ. ಕನ್ನಡದಲ್ಲಿ ಇದು ಎಷ್ಟು ಚೆನ್ನಾಗಿ ಕೂರುತ್ತದೆ ಅಲ್ವಾ? ನಮ್ಮ ಕಡೆ ಸ್ವಂತ ಅಣ್ಣನನ್ನು ಅಣ್ಣ ಅನ್ನದೆ ಮಾತಾಡಿಸಿದರೆ ಮನೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಕಷ್ಟ ಇರುವುದು ಅಮೆರಿಕ, ಕೆನಡಾ ಜೋಡಿಯಲ್ಲಿ. ಯಾರು ಅಣ್ಣ? ಮತ್ತೆ ಆ ಮಳೆಯ ದೃಶ್ಯ. ಸ್ವಾತಂತ್ರ್ಯ ಯುದ್ಧದಲ್ಲಿ ಇಂಗ್ಲೆಂಡ್ ಬಂದೂಕು ಹಿಡಿದು ನುಗ್ಗಿ, ಗುಂಡು ಹೊಡೆಯಲಾಗದೆ ಕೆಸರಿನಲ್ಲಿ ಕುಸಿದು ಕೂರುತ್ತಾನೆ. ಅಮೆರಿಕ ನಿಂತು ನೋಡಿ, ಒಂದು ಕಾಲದಲ್ಲಿ ಎಷ್ಟು ದೊಡ್ಡವನಾಗಿದ್ದೆ ಅನ್ನುತ್ತಾನೆ. 'ನೀನು' ಅಂತ ಬರೆಯಲಾ, 'ನೀವು' ಅಂತಲಾ? ನಾನು ಹೀಗೆ ಯೋಚಿಸಿದೆ. ಪುಟ್ಟ ಅಮೆರಿಕ ಅಲ್ಲಿಯವರೆಗೂ ಇಂಗ್ಲೆಂಡಿಗೆ 'ನೀವು' ಅನ್ನಲಿ. ಮಳೆಯ ದಿನ ಮೊದಲ ಸಲ 'ನೀನು' ಅನ್ನಲಿ. ಇನ್ನು ನಾನು ನಿನ್ನ ಕೈಕೆಳಗಿನವನಲ್ಲ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

---

ಮೂಲೆಯ ಕರಡಿ

ಅಕ್ಕಾ, ಅಮೆರಿಕವೇ ಅಣ್ಣ. ಜೇಮ್ಸ್‌ಟೌನ್ ವಸಾಹತು 1607, ಕ್ವಿಬೆಕ್ 1608. ಒಂದೇ ವರ್ಷ ಹೆಚ್ಚು ಕಮ್ಮಿ. ಆದರೆ ಕೆನಡಾ ಬೆಳೆದದ್ದು ಫ್ರಾನ್ಸಿನ ಮನೆಯಲ್ಲಿ. 1763ರ ಪ್ಯಾರಿಸ್ ಒಪ್ಪಂದದ ಮೇಲೆ ಇಂಗ್ಲೆಂಡಿನ ಮನೆಗೆ ಬಂದ. ಆ ಹೊತ್ತಿಗೆ ಅಮೆರಿಕ ಮನೆ ಬಿಡುವ ತಯಾರಿಯಲ್ಲಿದ್ದ. ಹೊಸ ಮನೆಗೆ ಬಂದ ಮಗುವನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ. ಸಭೆಯಲ್ಲಿ ಕೆನಡಾ ಯಾರ ಕಣ್ಣಿಗೂ ಬೀಳದೆ ಕೂರುತ್ತಾನಲ್ಲ, ಅದನ್ನು ಓದುವಾಗ ನನಗೆ ನಗು ಬರುವುದಿಲ್ಲ. ನನ್ನ ಹತ್ತು ನಿಮಿಷ ಇದರ ಮೇಲೆಯೇ.

---

ಹಳೇ ಅಂಗಡಿ ರಸ್ತೆ (ಮಂಗಳೂರು)

'ನೀನು', 'ನೀವು' ವಿಷಯದಲ್ಲಿ ನಾನು ಕೌದಿಯವರಿಗೆ ತಿರುಗಿ ಹೇಳುತ್ತೇನೆ. ಉಲ್ಟಾ ಮಾಡಿ ನೋಡಿ. ಪುಟ್ಟ ಅಮೆರಿಕ ಇಂಗ್ಲೆಂಡಿಗೆ 'ನೀನು' ಅನ್ನಲಿ. ಎತ್ತಿ ಆಡಿಸಿದ ಅಣ್ಣನಿಗೆ ಯಾವ ಮಗು ಬಹುವಚನ ಹಾಕುತ್ತದೆ? ಮಳೆಯ ದಿನ 'ನೀವು' ಅನ್ನಲಿ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ, ಅಣ್ಣ ತಮ್ಮ ಮುನಿಸಿಕೊಂಡಾಗ ಏನಾಗುತ್ತದೆ? ಜೋರು ಜಗಳ ಇರುವಷ್ಟು ಹೊತ್ತು 'ನೀನು' ಇರುತ್ತದೆ. ನಿಜವಾಗಿ ಸಂಬಂಧ ಮುರಿದ ದಿನ 'ನೀವು' ಬರುತ್ತದೆ. ಅಪ್ಪ ಮತ್ತು ದೊಡ್ಡಪ್ಪ ಜಾಗ ಪಾಲು ಮಾಡಿಕೊಂಡ ದಿನ, ಕಾಗದಕ್ಕೆ ಸಹಿ ಹಾಕಿ ಎದ್ದಾಗ, ಅಪ್ಪ "ನೀವು ಊಟ ಮಾಡಿಕೊಂಡು ಹೋಗಿ" ಅಂದರು. ಅವರು ಅಣ್ಣನಿಗೆ ಹಾಗೆ ಅಂದಿದ್ದು ನಾನು ಅದೇ ಮೊದಲು ಕೇಳಿದ್ದು. ದೊಡ್ಡಪ್ಪ ಊಟ ಮಾಡಲಿಲ್ಲ.

"ಎಷ್ಟು ದೊಡ್ಡವರಾಗಿದ್ರಿ ನೀವು." ಒಂದು ಸಲ ಜೋರಾಗಿ ಓದಿ ನೋಡಿ.

---

ಕೌದಿ

ಓದಿದೆ. ಬೆಳಿಗ್ಗೆಯಿಂದ ಅದೇ ತಲೆಯಲ್ಲಿದೆ. ಬದಲಾಯಿಸುತ್ತಿದ್ದೇನೆ. ನಿಮಗೆ ತುಂಬಾ ಥ್ಯಾಂಕ್ಸ್.

---

ಬೇಲೂರು ಬಿಸಿಲು (ಬೆಂಗಳೂರು)

ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ಪ್ರಶ್ನೆ ಕೇಳಲೇಬೇಕು ಅನ್ನಿಸಿತು. ಅಷ್ಟು ಜನ ಇಂಗ್ಲೆಂಡ್ ಪಾತ್ರವನ್ನು ಇಷ್ಟಪಡುತ್ತೀರಿ. ಸುಟ್ಟ ಸ್ಕೋನ್ ಮಾಡುವ, ಯಕ್ಷಿಣಿಗಳ ಜೊತೆ ಮಾತಾಡುವ, ಒಂಟಿ ಹುಡುಗ. ಮಳೆಯಲ್ಲಿ ಅಳುತ್ತಾನೆ ಅಂತ ನಾವೂ ಅಳುತ್ತೇವೆ. ಆದರೆ ನಾವು ಭಾರತದವರು. 1943ರ ಬಂಗಾಳದ ಬರದಲ್ಲಿ ಸತ್ತವರ ಲೆಕ್ಕ ಸುಮಾರು 30 ಲಕ್ಷ ಅಂತ ಹೇಳುತ್ತಾರೆ. ಆ ಇಂಗ್ಲೆಂಡ್ ಎಲ್ಲಿ? ಮುಖ್ಯ ಪಾತ್ರಗಳ ಸಾಲಿನಲ್ಲಿ ಭಾರತವೇ ಇಲ್ಲ. ಕೊರಿಯಾದವರು 2009ರಲ್ಲಿ ಸಿಟ್ಟಾಗಿದ್ದು ನನಗೆ ಅರ್ಥವಾಗುತ್ತದೆ. 1910ರಿಂದ 1945ರವರೆಗೆ ತಮ್ಮನ್ನು ಆಳಿದ ದೇಶದ ಲೇಖಕ ತಮ್ಮನ್ನು ತರಲೆ ಹುಡುಗನನ್ನಾಗಿ ಬರೆದರೆ ಯಾರಿಗೆ ನೋವಾಗುವುದಿಲ್ಲ? ಆ ವಿರೋಧದ ಮೇಲೆಯೇ ಟೀವಿ ಪ್ರಸಾರ ರದ್ದಾಗಿ ಅನಿಮೆ ಅಂತರ್ಜಾಲದಲ್ಲಿ ಬಂತು. ಕೊರಿಯಾ ಪಾತ್ರ ಅನಿಮೆಗೆ ಬರಲೇ ಇಲ್ಲ.

ನಾನು ಈ ಕಾಮಿಕ್ ಬಿಟ್ಟವಳಲ್ಲ. ಹದಿನೈದನೇ ವಯಸ್ಸಿನಿಂದ ಓದುತ್ತಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ.

---

ಕೋಗಿಲೆ ಗಡಿಯಾರ

ಈ ಪ್ರಶ್ನೆಗೆ ನನ್ನ ಹತ್ತಿರ ಅರ್ಧ ಉತ್ತರ ಮಾತ್ರ ಇದೆ. ದೇಶಕ್ಕೆ ಮುಖ ಕೊಡುವುದು ಹಿಮಾರುಯಾ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಜಾನ್ ಬುಲ್, ಅಮೆರಿಕದ ಅಂಕಲ್ ಸ್ಯಾಮ್, ಫ್ರಾನ್ಸಿನ ಮರಿಯಾನ್ ಮೊದಲೇ ಇದ್ದರು. ನಮ್ಮಲ್ಲಿ 1905ರಲ್ಲಿ ಅವನೀಂದ್ರನಾಥ ಠಾಕೂರರು ಭಾರತಮಾತೆಯನ್ನು ಬರೆದರು, ಕಾವಿ ಬಟ್ಟೆ, ನಾಲ್ಕು ಕೈ. ನಮ್ಮ ನಾಡಗೀತೆಯಲ್ಲಿ ಕರ್ನಾಟಕ ಭಾರತ ಜನನಿಯ ಮಗಳು. ಸಿದ್ದಾಪುರದ ಹತ್ತಿರ ಭುವನಗಿರಿಯಲ್ಲಿ ಭುವನೇಶ್ವರಿಯ ಗುಡಿಯೇ ಇದೆ. ನಾಡನ್ನು ತಾಯಿ ಅಂತ ನೋಡಿ ಬೆಳೆದವರಿಗೆ ದೇಶವನ್ನು ಮನುಷ್ಯ ಅಂತ ನೋಡುವುದು ಹೊಸದಲ್ಲ.

ವ್ಯತ್ಯಾಸ ಒಂದಿದೆ. ತಾಯಿ ತಪ್ಪು ಮಾಡುವುದಿಲ್ಲ. ಹೆತಾಲಿಯಾದ ಹುಡುಗರು ತಪ್ಪು ಮಾಡುತ್ತಾರೆ, ಓಡಿಹೋಗುತ್ತಾರೆ, ಸುಳ್ಳು ಹೇಳುತ್ತಾರೆ, ಸೋಲುತ್ತಾರೆ. ಅದೇ ಇದರ ಗುಣ ಅಂತ ನನಗೆ ಅನ್ನಿಸುತ್ತದೆ. ಆದರೆ ಲೇಖಕರು ಚಿಕ್ಕ ತಪ್ಪುಗಳನ್ನೇ ಜಾಸ್ತಿ ಬರೆದರು. ದೊಡ್ಡವನ್ನು ಬಿಟ್ಟರು. ಅದನ್ನು ಬರೆಯುವ ಕೆಲಸ ಓದುಗರಿಗೆ ಬಿತ್ತು.

---

ರೈನ್ ದಂಡೆ

ಓದುಗರು ಆ ಕೆಲಸ ಮಾಡಿದ್ದಾರೆ, ಮೇಷ್ಟ್ರೇ. ಈ ಸಮುದಾಯದ ಫ್ಯಾನ್‌ಫಿಕ್, ಅಂದರೆ ಈ ಪಾತ್ರಗಳ ಮೇಲೆ ಓದುಗರೇ ಬರೆಯುವ ಕಥೆ, ಓದಿದವರಿಗೆ ಗೊತ್ತು. ಕಥೆ ಮುಗಿದ ಮೇಲೆ ಕೆಳಗೆ ಉದ್ದದ ಟಿಪ್ಪಣಿ ಇರುತ್ತದೆ. ಇಸವಿ, ಒಪ್ಪಂದ, ಯಾರು ಎಲ್ಲಿದ್ದರು, ಯಾವುದು ನಿಜ, ಯಾವುದು ಕಲ್ಪನೆ. ಕೆಲವು ಸಲ ಟಿಪ್ಪಣಿ ಕಥೆಗಿಂತ ಉದ್ದ. ಬೇರೆ ಯಾವ ಅನಿಮೆಯ ಓದುಗರಲ್ಲೂ ನಾನು ಇಷ್ಟು ನೋಡಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಲಿಥುವೇನಿಯಾ ಪಾತ್ರ ಗೊತ್ತಲ್ಲ, ರಷ್ಯಾ ಮನೆಯಲ್ಲಿ ನಡುಗುತ್ತಾ ಇರುವವನು. ಕೆಲವು ಕಾಲ ಅಮೆರಿಕದ ಮನೆಯಲ್ಲಿ ಕೆಲಸಕ್ಕೆ ಹೋಗಿ ನೆಮ್ಮದಿಯಾಗಿರುತ್ತಾನೆ. ಆರ್ಥಿಕ ಕುಸಿತ ಬಂದಾಗ ವಾಪಸ್ ಬರಬೇಕಾಗುತ್ತದೆ. ಎರಡು ಮಹಾಯುದ್ಧಗಳ ನಡುವಿನ ಅವನ ಸ್ವಾತಂತ್ರ್ಯದ ಕಥೆ ಅದು. 1940ರಲ್ಲಿ ಸೋವಿಯತ್ ಒಕ್ಕೂಟ ಆ ದೇಶವನ್ನು ನುಂಗಿತು. ಆಮೇಲೆ ಏನಾಯಿತು ಅಂತ ಹುಡುಕುತ್ತಾ 1989ರ ಆಗಸ್ಟ್ 23ಕ್ಕೆ ಬಂದು ನಿಂತೆ. ಅವತ್ತು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾದ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು 600 ಕಿಲೋಮೀಟರಿಗೂ ಉದ್ದದ ಸಾಲು ನಿಂತರು. ತಾಲಿನ್‌ನಿಂದ ವಿಲ್ನಿಯಸ್‌ವರೆಗೆ. ಮೂವರು ನಡುಗುವ ಹುಡುಗರು ಅಂತ ನಾನು ನಕ್ಕಿದ್ದೆ. ಅವರು ಮೂವರೂ ಕೈ ಹಿಡಿದುಕೊಂಡಿದ್ದರು.

ಎರಡು ವರ್ಷದ ಹಿಂದೆ ವಿಲ್ನಿಯಸ್‌ಗೆ ಹೋಗಿದ್ದೆ. ಕೆಥೆಡ್ರಲ್ ಚೌಕದ ನೆಲದಲ್ಲಿ ಆ ಸಾಲು ಮುಗಿದ ಕಡೆ ಒಂದು ಕಲ್ಲು ಹಾಕಿದ್ದಾರೆ. ಅದರ ಮೇಲೆ ನಿಂತೆ. ಒಂದು ಕಾಮಿಕ್ ನನ್ನನ್ನು ದಾವಣಗೆರೆಯಿಂದ ಅಲ್ಲಿಯವರೆಗೆ ಕರೆದುಕೊಂಡು ಹೋಯಿತು. ಇದನ್ನು ನಾನು ಯಾವತ್ತೂ ಮರೆಯುವುದಿಲ್ಲ.

---

ಬೇಲೂರು ಬಿಸಿಲು

ಇಬ್ಬರಿಗೂ ಧನ್ಯವಾದ. ನನ್ನ ಪ್ರಶ್ನೆಗೆ ಬೈಯುತ್ತೀರಿ ಅಂದುಕೊಂಡಿದ್ದೆ.

ಹಾಗಾದರೆ ನಾನು ಬರೆದಿಟ್ಟ ಒಂದು ಕಥೆಯ ಬಗ್ಗೆ ಹೇಳುತ್ತೇನೆ. ಯಾರಿಗೂ ತೋರಿಸಿಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿತ್ತು, ಟಿಪ್ಪು ಸತ್ತ. ಅರಮನೆಯಲ್ಲಿ ಸಿಕ್ಕಿದ ಮರದ ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ಬಿದ್ದ ಬ್ರಿಟಿಷ್ ಮನುಷ್ಯನ ಮೇಲೆ ಹುಲಿ ಕೂತಿರುವ ಯಂತ್ರ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಈಗ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ನನ್ನ ಕಥೆಯಲ್ಲಿ ಇಂಗ್ಲೆಂಡ್ ಒಂದು ಸಂಜೆ ಮ್ಯೂಸಿಯಂ ಮುಚ್ಚುವ ಹೊತ್ತಿಗೆ ಅದರ ಮುಂದೆ ಬಂದು ನಿಲ್ಲುತ್ತಾನೆ. ಅವನಿಗೆ ಸಾವಿಲ್ಲವಲ್ಲ, ಎಲ್ಲ ನೆನಪಿದೆ. ಗಾಜಿನ ಆಚೆ ಒಬ್ಬ ಹುಡುಗಿ ನಿಂತಿದ್ದಾಳೆ. ಅವಳು ಭಾರತ ಅಲ್ಲ. ಅವಳು ಮೈಸೂರು. ಅವಳ ಹೆಸರಿನ ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆಯಿತು. ಆಮೇಲೆ ಅವಳು ಏನಾದಳು ಅಂತ ಯಾರೂ ಕೇಳಿಲ್ಲ.

ಇಲ್ಲೇ ನಿಂತುಬಿಟ್ಟೆ. ಅವರಿಬ್ಬರು ಏನು ಮಾತಾಡುತ್ತಾರೆ ಅಂತ ಗೊತ್ತಾಗುತ್ತಿಲ್ಲ.

---

ಹದ್ದಿನ ಮರಿ (ಕಲಬುರಗಿ)

ನಿಮ್ಮ ಮೈಸೂರಿಗೆ ಪ್ರಷ್ಯಾ ಜೊತೆ ಮಾತಾಡಿಸಿ! ನಾನು ಪ್ರಷ್ಯಾ ಅಭಿಮಾನಿ. ಅವನ ಕಷ್ಟವೂ ಅದೇ. ಮಿತ್ರ ರಾಷ್ಟ್ರಗಳು 1947ರ ಫೆಬ್ರವರಿ 25ರಂದು ಕಾನೂನು ಸಂಖ್ಯೆ 46 ಅಂತ ಹೊರಡಿಸಿ ಪ್ರಷ್ಯಾ ರಾಜ್ಯವನ್ನೇ ಅಳಿಸಿಹಾಕಿದವು. ಕಾಗದದ ಮೇಲೆ ಆ ಹೆಸರೇ ಇಲ್ಲ. ಆದರೆ ಕಾಮಿಕ್ಕಿನಲ್ಲಿ ಅವನು ತಮ್ಮನ ಮನೆಯಲ್ಲೇ ಇದ್ದಾನೆ, ಜೋರಾಗಿ ನಗುತ್ತಾನೆ, ದಿನಚರಿ ಬರೆಯುತ್ತಾನೆ, ತಲೆ ಮೇಲೆ ಹಳದಿ ಹಕ್ಕಿ ಕೂತಿರುತ್ತದೆ. ರಾಜ್ಯ ಹೋದ ಮೇಲೆ ಮನುಷ್ಯ ಯಾಕೆ ಉಳಿದ ಅಂತ ಓದುಗರು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಪವಿತ್ರ ರೋಮನ್ ಸಾಮ್ರಾಜ್ಯ 1806ರಲ್ಲಿ ಮುಗಿಯಿತು, ಆ ಹುಡುಗ ಇಟಲಿಗೆ ಬರುತ್ತೇನೆ ಅಂತ ಹೇಳಿ ಹೋದವನು ಮರಳಲಿಲ್ಲ. ಅವನು ಹೋದ, ಇವನು ಉಳಿದ. ಯಾಕೆ?

ನನ್ನ ಉತ್ತರ ಹೀಗೆ. ನಮ್ಮ ಕಡೆ 1948ರವರೆಗೆ ನಿಜಾಮರ ಹೈದರಾಬಾದ್ ಇತ್ತು. ಆ ರಾಜ್ಯ ಹೋಯಿತು. 1956ರಲ್ಲಿ ನಾವು ಈ ಕಡೆ ಸೇರಿದೆವು. ಆದರೆ ಅಜ್ಜಿಯ ಮಾತಿನಲ್ಲಿ ಉರ್ದು ಹಾಗೇ ಇತ್ತು. ಕಚೇರಿಯ ಕಾಗದ, ಜಮೀನಿನ ಲೆಕ್ಕ, ಅಡುಗೆ, ಬೈಗುಳ, ಎಲ್ಲದರಲ್ಲೂ. ಬಳಸುವ ಜನ ಇರುವವರೆಗೆ ಅದು ಇರುತ್ತದೆ. ಪ್ರಷ್ಯಾ ಹಾಗೆ ಉಳಿದ ಅಂತ ನಾನು ನಂಬುತ್ತೇನೆ. ನಿಮ್ಮ ಮೈಸೂರೂ ಹಾಗೇ. ಪಾಕ್ ಹೆಸರಿನಲ್ಲಿದ್ದಾಳೆ, ಮಲ್ಲಿಗೆ ಹೆಸರಿನಲ್ಲಿದ್ದಾಳೆ, ರೇಷ್ಮೆ ಹೆಸರಿನಲ್ಲಿದ್ದಾಳೆ. ಇಂಗ್ಲೆಂಡಿಗೆ ಅದನ್ನೇ ಹೇಳಲಿ.

---

ಬೇಲೂರು ಬಿಸಿಲು

ಇದನ್ನು ಓದಿ ಎದ್ದು ಹೋಗಿ ಒಂದು ಪುಟ ಬರೆದು ಬಂದೆ.

---

ಮೊದಲ ಪುಟ (ತುಮಕೂರು)

ಎಲ್ಲರಿಗೂ ನಮಸ್ತೆ. ಪಿಯುಸಿ ಓದುತ್ತಿದ್ದೇನೆ. ಹೆತಾಲಿಯಾ ಶುರು ಮಾಡಿ ಮೂರು ವಾರ ಆಯಿತಷ್ಟೇ. ಟೊಮೇಟೊ ಪೆಟ್ಟಿಗೆಯಿಂದ ಇಟಲಿ ಎದ್ದು ಬರುವುದು ನೋಡಿ ನಕ್ಕು ನಕ್ಕು ಸಾಕಾಯಿತು. ನಿಮ್ಮೆಲ್ಲರಷ್ಟು ಇತಿಹಾಸ ನನಗೆ ಗೊತ್ತಿಲ್ಲ. ನಾನೂ ಬರಬಹುದಾ? ಯಾವ ಸ್ಟ್ರಿಪ್ ತೆಗೆದುಕೊಳ್ಳಲಿ?

---

ಟೊಮೇಟೊ ಪೆಟ್ಟಿಗೆ

ಖಂಡಿತ ಬಾ ಪುಟ್ಟಿ. ಮನೆಯಲ್ಲಿ ಹೇಳಿ, ಯಾರಾದರೂ ದೊಡ್ಡವರ ಜೊತೆ ಬಾ. ತುಮಕೂರಿನಿಂದ ಬೆಳಗಿನ ರೈಲು ಹಿಡಿದರೆ ಮೆಜೆಸ್ಟಿಕ್ಕಿಗೆ ಬಂದು ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿಯಬಹುದು.

ನಿನಗೆ ಡೇವಿಯ ಕಥೆ ಕೊಡುತ್ತೇನೆ. ಅಮೆರಿಕ ಆಗ ಪುಟ್ಟ ಮಗು. ಅವನಿಗೆ ಡೇವಿ ಅನ್ನುವ ಮನುಷ್ಯ ಗೆಳೆಯ ಇರುತ್ತಾನೆ. ದೇಶಕ್ಕೆ ವಯಸ್ಸಾಗುವುದು ನಿಧಾನ. ಡೇವಿಗೆ ಹಾಗಲ್ಲ. ಅಮೆರಿಕ ಮಗುವಾಗಿಯೇ ಇರುತ್ತಾನೆ, ಡೇವಿ ಬೆಳೆದು, ಮುದುಕನಾಗಿ, ತೀರಿಹೋಗುತ್ತಾನೆ. ಮಗುವಿಗೆ ಅದು ಅರ್ಥವೇ ಆಗುವುದಿಲ್ಲ. ಇತಿಹಾಸದ ಪುಸ್ತಕದಲ್ಲಿ ಡೇವಿಯ ಹೆಸರಿಲ್ಲ. ಯುದ್ಧ ಇಲ್ಲ, ಒಪ್ಪಂದ ಇಲ್ಲ. ಹಾಗಾಗಿ ನೀನು ಇಸವಿ ಹುಡುಕಬೇಕಾಗಿಲ್ಲ.

ಇವತ್ತು ಈ ಎಳೆಯನ್ನು ಮೇಲಿನಿಂದ ಓದುತ್ತಾ ಇದ್ದೆ. ಆ ಅಂಕಲ್ ಕೇಳಿದ ಪ್ರಶ್ನೆಗೆ ನಾನು ಡೇವಿಯ ಹೆಸರು ಹೇಳಬಹುದಾಗಿತ್ತು. ಅವತ್ತು ನೆನಪಾಗಲಿಲ್ಲ. ನೀನು ನಿನ್ನ ಮನೆಯಲ್ಲಿ, ಅಜ್ಜಿ ಇದ್ದರೆ ಅಜ್ಜಿ ಹತ್ತಿರ, ಅವರ ಕಾಲದಲ್ಲಿ ಊರಿನಲ್ಲಿ ಯಾರಿದ್ದರು, ಯಾರು ಹೋದರು ಅಂತ ಕೇಳಿಕೊಂಡು ಬಾ. ಡೇವಿಯ ಕಥೆ ಹೇಳಿ, ಆಮೇಲೆ ಅದನ್ನು ಹೇಳು.

---

ಮೊದಲ ಪುಟ

ಅಜ್ಜಿ ಇದ್ದಾರೆ ಅಕ್ಕಾ. ಕೇಳಿದೆ. ಅವರ ತಂದೆಯ ತಮ್ಮ ಸೈನ್ಯಕ್ಕೆ ಸೇರಿ ಎರಡನೇ ಮಹಾಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲವಂತೆ. ಎಲ್ಲಿ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಟಲಿ ಇರಬೇಕು ಅಂತ ಅಜ್ಜಿ ಅಂದರು. ಫೋಟೊ ಒಂದಿದೆ. ತರಲಾ?

---

ಕೋಗಿಲೆ ಗಡಿಯಾರ

ತಗೊಂಡು ಬಾರಮ್ಮ. ಇಟಲಿಯಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋರಾಡಿದ್ದಾರೆ. 1944ರ ಮೊಂಟೆ ಕಸಿನೊ ಕಾಳಗದಲ್ಲಿ 4ನೇ ಭಾರತೀಯ ಡಿವಿಷನ್ ಇತ್ತು, 8ನೆಯದೂ ಇತ್ತು. ಅಲ್ಲಿ ಭಾರತೀಯರ ಸಮಾಧಿಗಳಿವೆ. ಸಮಾಧಿ ಇಲ್ಲದವರ ಹೆಸರನ್ನೂ ಕಲ್ಲಿನಲ್ಲಿ ಬರೆದಿದ್ದಾರೆ. ಕಾಮನ್‌ವೆಲ್ತ್ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು, ರೆಜಿಮೆಂಟ್ ಹಾಕಿ ಹುಡುಕಬಹುದು. ಅಜ್ಜಿಯ ಹತ್ತಿರ ಪೂರ್ತಿ ಹೆಸರು, ಅವರ ಅಪ್ಪನ ಹೆಸರು, ಊರು ಕೇಳಿ ಬರೆದಿಟ್ಟುಕೊ. ಪದಕ, ಪಿಂಚಣಿ ಕಾಗದ ಏನಾದರೂ ಇದ್ದರೆ ಅದರ ಫೋಟೊ ತೆಗೆದುಕೊ. ಕೂತು ಹುಡುಕೋಣ. ನಾನು ಹಾಸನದಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ.

---

ಟೊಮೇಟೊ ಪೆಟ್ಟಿಗೆ

ಬೆಳಿಗ್ಗೆ ಹತ್ತಕ್ಕೆ, ಬಿದಿರ ಮೆಳೆಯ ಹತ್ತಿರ. ಮಳೆ ಬಂದರೆ ಬ್ಯಾಂಡ್ ಸ್ಟ್ಯಾಂಡ್ ಕೆಳಗೆ. ಹೆಸರು ಕೊಟ್ಟವರು ಹನ್ನೊಂದು ಜನ. ಪಾಸ್ತಾ ನಾನು ತರುತ್ತೇನೆ, ಈ ಸಲ ಎರಡು ಡಬ್ಬಿ. ಪುಟ್ಟಿಯನ್ನು ಮೊದಲು ಮಾತಾಡಿಸೋಣ.